ಲೈಟು ಹಾಕದೆ

ಮನಾಮದ ಸೂಕಿನಲ್ಲಿ, ಗಡಿಯಾರ ರಿಪೇರಿಯವನ ಪಕ್ಕ,
ಲಛ್ಮನ್ ಸೇಠನ ಅಂಗಡಿಯಲ್ಲಿ ರಾತ್ರಿ ಅನ್ನುವುದೇ ಇಲ್ಲ.
ಮೂವತ್ತೆರಡು ಟ್ಯೂಬ್‌ಲೈಟು. ಎಣಿಸಿದ್ದೇನೆ,
ಮೂರು ಶುಕ್ರವಾರ ಸುಮ್ಮನೆ ಬಂದು ನಿಂತು.
ಇಷ್ಟು ಬೆಳಕಲ್ಲಿ ಎಲ್ಲ ಕ್ಯಾಮರಾವೂ ಒಳ್ಳೆಯದೇ,
ಸಂಬಳದ ದಿನ ಎಲ್ಲರೂ ಸ್ನೇಹಿತರಾಗುವ ಹಾಗೆ.

ಏನು ತೆಗೀತೀಯ, ಸಮುದ್ರವಾ, ಬಿಲ್ಡಿಂಗಾ?
ಕತ್ತಲು, ಅಂದೆ.
ಸೇಠ ನಕ್ಕ: ಅದಕ್ಕೆ ದುಡ್ಡು ಯಾಕಪ್ಪ,
ಮುಚ್ಚಳ ತೆಗೆಯದೆ ಒತ್ತು, ಪುಕ್ಕಟೆ ಬರುತ್ತೆ.

ಮಾಳಿಂಗನ ವಿಷಯ ಇವನಿಗೆ ಹೇಗೆ ಹೇಳಲಿ.
ಅಸ್ಕರಿನ ಕ್ಯಾಂಪು, ಆರನೇ ರೂಮು,
ಹನ್ನೆರಡು ಜನ, ಹನ್ನೊಂದು ಮಂಚ.
ಆ ಕೊನೆಯದು ನಮ್ಮಿಬ್ಬರದು.
ನಾನು ಹಡಗಿನ ಹೊಟ್ಟೆಗೆ ವೆಲ್ಡಿಂಗ್ ಮಾಡಿ
ರಾತ್ರಿ ಮೂರಕ್ಕೆ ಬಂದಾಗ ಅವನು ಏಳುತ್ತಾನೆ,
ವಿಮಾನ ನಿಲ್ದಾಣದ ನೆಲ ಒರೆಸಲು.
ವ್ಯಾನು ಬರುವವರೆಗೆ ಹದಿನೈದು ನಿಮಿಷ.
ಪಿಸುದನಿಯಲ್ಲಿ ಇಂಡಿಯ ನಿಂಬೆಹಣ್ಣಿನ ರೇಟು,
ಅವನ ಮಗಳ ಒಂಬತ್ತರ ಮಗ್ಗಿ, ನನ್ನ ಹಲ್ಲುನೋವು.
ಲೈಟು ಹಾಕುವಂತಿಲ್ಲ, ಹತ್ತು ಜನ ಹತ್ತು ಭಾಷೆಯಲ್ಲಿ ಬೈಯುತ್ತಾರೆ.
ಎ.ಸಿ.ಯ ಹಸಿರು ಚುಕ್ಕೆ, ಬಾಗಿಲ ಸಂದಿಯಿಂದ
ಬೀದಿದೀಪದ ಒಂದು ಹಳದಿ ಗೀರು,
ಅಷ್ಟರಲ್ಲೇ ಎರಡು ವರ್ಷ ಮಾತಾಡಿದ್ದೇವೆ.

ಬಿಸಿಲಲ್ಲಿ ಅವನನ್ನು ನೋಡಿದ್ದೂ ಉಂಟು, ನಾಲ್ಕೋ ಐದೋ ಸಲ.
ಆಗ ಅವನು ಬೇರೆ ಯಾರೋ.
ಬರುವ ತಿಂಗಳು ವೀಸಾ ಮುಗಿಯುತ್ತೆ.

ಸೇಠ ಪಾಠ ಹೇಳಿದ:
ಇಲ್ಲಿ ನೋಡು, ಒಂದು ಪಾಯಿಂಟ್ ಎಂಟು,
ಲೆನ್ಸಿನ ನಂಬರು ಸಣ್ಣದಾದಷ್ಟೂ ಕಣ್ಣು ದೊಡ್ಡದು.
ಹಿಡಿಸಿತು ನನಗೆ ಈ ಲೆಕ್ಕ. ನಮ್ಮಲ್ಲೂ ಹಾಗೇ,
ಸಣ್ಣ ಸಂಬಳದವರಿಗೇ ಎಲ್ಲ ಕಾಣುವುದು.

ಮೂರು ಕ್ಯಾಮರಾ ಹಿಡಿದು ಹಿಂದಿನ ಮೆಟ್ಟಿಲ ಕೆಳಗೆ ಹೋದೆ.
ಅಲ್ಲಿ ರಟ್ಟಿನ ಮೇಲೆ ಕೂತು ಮೊತಾಲಿಬ್
ಮೀನಿನ ಮುಳ್ಳು ಬಿಡಿಸುತ್ತಿದ್ದ.
ಭಾಯಿ, ಕದಲಬೇಡ, ಅಂದೆ.
ಸೇಠ ಹೇಳಿದರೂ ಇಷ್ಟು ಕದಲದೆ ಕೂತವನಲ್ಲವಂತೆ.

ಮೊದಲನೆಯದು ಕೇಳದೆಯೇ ಫ್ಲ್ಯಾಶ್ ಎಸೆಯಿತು.
ಸುಣ್ಣದ ಗೋಡೆ, ಅದರಲ್ಲಿ ಎರಡು ಕೆಂಪು ಕಣ್ಣು.
ಎರಡನೆಯದಕ್ಕೆ ಆರು ನೂರ ಇಪ್ಪತ್ತು ದಿನಾರು.
ಅದು ಮೆಟ್ಟಿಲ ಕೆಳಗೆ ಮಧ್ಯಾಹ್ನ ಮಾಡಿತು,
ಅನ್ನದ ಅಗುಳು, ಅಂಗಿಯ ದಾರ, ಬಕೀಟಿನ ಬಿರುಕು,
ಎಲ್ಲ ಬಂತು, ಕತ್ತಲೊಂದು ಬಿಟ್ಟು.
ಸೇಠ ಹೆಮ್ಮೆಯಿಂದ ನೋಡಿದ,
ನನಗೆ ಮಾಳಿಂಗ ಬಿಸಿಲಿಗೆ ಹೋದ ಹಾಗಾಯಿತು.
ಮೂರನೆಯದು ಯಾರೋ ಮಾರಿಹೋದದ್ದು, ಮೂಲೆ ನುಗ್ಗಿದ್ದು.
ಐ.ಎಸ್.ಓ. ಏರಿಸಿದರೆ ಚಿತ್ರವೆಲ್ಲ ರವೆ ರವೆ.
ಆದರೆ ಕಪ್ಪು ಕಪ್ಪಾಗಿಯೇ ಇತ್ತು,
ಆ ಕಪ್ಪಿನೊಳಗೆ ಕೆನ್ನೆಯ ಒಂದಂಚು, ತುತ್ತು ಹಿಡಿದ ಬೆರಳು.
ಮೊತಾಲಿಬ್ ನೋಡಿ, ಇದು ಸರಿ, ಅಂದ. ಕೈ ತೊಳೆಯಲು ಹೋದ.

ನಲವತ್ತೆಂಟಕ್ಕೆ ಇಳಿಯಿತು, ಲೆನ್ಸೂ ಸೇರಿ.

ಮೂರೂ ಹತ್ತು.
ಬಾಗಿಲ ಸಂದಿಗೆ ಅವನನ್ನು ಕೂರಿಸಿ, ಉಸಿರು ಹಿಡಿ, ಅಂದೆ.
ಸೆಕೆಂಡಿನ ಹದಿನೈದರಲ್ಲಿ ಒಂದು ಪಾಲು, ಅಷ್ಟೂ ತಡೆಯಲಾರದೆ
ನಕ್ಕುಬಿಟ್ಟ. ತುಟಿ ಎರಡಾಗಿ ಬಂತು.
ಬಂತೇನೋ? ತೋರಿಸು, ಎಂದು ಬಗ್ಗಿದ.
ಪರದೆಯ ಬೆಳಕು ಅವನ ಮುಖಕ್ಕೆ ಬಿತ್ತು,
ಅದು ನಿಜವಾದ ಚಿತ್ರ.
ಅದನ್ನು ತೆಗೆಯಲು ಕ್ಯಾಮರಾ ಅವನ ಕೈಯಲ್ಲಿತ್ತು.

ಎಷ್ಟ ಕೊಟ್ಟಿಯೋ ಇದಕ್ಕ?
ಹೇಳಿದೆ.
ಹೊರಗೆ ವ್ಯಾನು ಎರಡು ಸಲ ಹಾರ್ನ್ ಹೊಡೆಯಿತು.
ಚಪ್ಪಲಿ ಹುಡುಕುತ್ತ, ದನಿ ತಗ್ಗಿಸುವುದನ್ನೂ ಮರೆತು ಅಂದ:
ಅಲ್ಲೋ ಹುಚ್ಚಪ್ಪಾ,
ಇಷ್ಟು ರೊಕ್ಕಕ್ಕ
ಇನ್ನೊಂದು ಮಂಚ ಬರ್ತಿತ್ತಲ್ಲೋ!